ಹೆಪ್ಪು ಮತ್ತು ಹೆಬ್ಬೆರಳು

ಜನವರಿ 11, ಶನಿವಾರ

ಬೆಳಿಗ್ಗೆ ಸೊನ್ನೆಗಿಂತ ಒಂಬತ್ತು ಕೆಳಗೆ. ಹಿಮ ಆರು ಇಂಚು.

ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದಾಗ ದಿನಾ ಹೀಗೇ ಬರೆದಿಡುತ್ತಿದ್ದೆ. ಹವೆ ಹೇಗಿತ್ತು, ಟೈರು ಎಲ್ಲಿ ಜಾರಿತು, ಯಾವ ಹುಡುಗ ಯಾವ ಸೀಟಿನಲ್ಲಿ ವಾಂತಿ ಮಾಡಿದ. ನಿವೃತ್ತಿಯಾದ ಮೇಲೆ ಬಿಟ್ಟಿದ್ದೆ. ಇವತ್ತಿನಿಂದ ಮತ್ತೆ ಶುರು ಮಾಡುತ್ತಿದ್ದೇನೆ, ಏಕೆಂದರೆ ನನ್ನ ಕಾಲಿನ ವಿಷಯ ಯಾರಿಗೂ ಹೇಳುವ ಹಾಗಿಲ್ಲ, ಹೇಳದೆ ಇರಲೂ ಆಗುತ್ತಿಲ್ಲ.

ಶನಿವಾರವಾದ್ದರಿಂದ ಮಧ್ಯಾಹ್ನವೇ ನಮ್ಮ ಸೌನಾದ, ಎಂದರೆ ಹಬೆಸ್ನಾನದ ಕೋಣೆಯ, ಒಲೆಗೆ ಸೌದೆ ಹಾಕಿದೆ. ಹೆಂಗಸರ ಸರದಿ ಮೊದಲು. ಮೇಲಿನ ಹಲಗೆಯಲ್ಲಿ ನಾನು, ಪಕ್ಕದಲ್ಲಿ ಲೆಂಪಿ ಚಿಕ್ಕಮ್ಮ. ಅಮ್ಮನ ಚಿಕ್ಕಪ್ಪನ ಮಗಳು, ಎಂಬತ್ತೆರಡು ವರ್ಷ, ಕಿವಿ ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಹದ್ದಿನದು. ಆ ಹಬೆಯಲ್ಲಿ ನನಗೆ ನನ್ನ ಮೂಗು ಕಾಣಿಸುತ್ತಿರಲಿಲ್ಲ, ಅವರಿಗೆ ನನ್ನ ಕಾಲ್ಬೆರಳ ಸಂದು ಕಂಡಿತು.

"ಅದೇನೇ ಸೈಮಿ, ಬೆರಳ ಮಧ್ಯೆ ಬೆಳ್ಳಗೆ? ಬೂಸ್ಟು ಹಿಡಿದ ಬ್ರೆಡ್ಡಿನ ಥರ ಇದೆ."

ಮೈದಾಹಿಟ್ಟು ಎಂದೆ, ಬೆಳಿಗ್ಗೆ ಏಲಕ್ಕಿ ಬ್ರೆಡ್ಡಿಗೆ ನಾದುವಾಗ ಬಿದ್ದಿರಬೇಕು. ಹಿಟ್ಟು ಕಾಲಲ್ಲಿ ನಾದುತ್ತೀಯಾ ಎಂದು ಕೇಳಿದರು. ಒಲೆಯ ಕಲ್ಲಿನ ಮೇಲೆ ಎರಡು ಸೌಟು ನೀರು ಜಾಸ್ತಿಯೇ ಸುರಿದು ಹಬೆಯಲ್ಲಿ ಮರೆಯಾದೆ.

ಅದು ಮೈದಾ ಅಲ್ಲ. ಕೆಸರುಹುಣ್ಣು, ಫಂಗಸ್ಸು, ಅದಕ್ಕೆ ಹೆಸರು ಬೇಕಾದಷ್ಟಿವೆ. ಎಡಗಾಲಿನ ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಚರ್ಮ ಬೆಳ್ಳಗಾಗಿ ಸುಲಿಯುತ್ತಿದೆ, ಬಲಗಾಲಿನದೂ ಹಿಂದೆಯೇ ಹೊರಟಿದೆ. ತುರಿಕೆ ಎಂದರೆ, ನಿನ್ನೆ ಊಟದ ಮಧ್ಯೆ ಎದ್ದು ಹೋಗಿ ಹೊಸ್ತಿಲಿಗೆ ತಿಕ್ಕಿ ಬಂದೆ.

ಮಾರ್ಚ್ ಒಂದಕ್ಕೆ ಲಸ್ಕಿಯಾಯಿನೆನ್, ಹಿಮದಲ್ಲಿ ಜಾರುವ ಹಬ್ಬ. ಮುತ್ತಜ್ಜಿಯ ಕಾಲದಿಂದ ಆ ದಿನ ಊರಿಗೆ ಊರೇ ನಮ್ಮ ಗುಡ್ಡದಲ್ಲಿ ಹಿಮಬಂಡಿ ಜಾರಿ, ಹೊತ್ತು ಮುಳುಗುವ ಮೊದಲು ನಮ್ಮ ಸೌನಾದಲ್ಲಿ ಬೆವರಿ, ನಮ್ಮ ಅಡುಗೆಮನೆಯಲ್ಲಿ ಬಟಾಣಿ ಸಾರು ಕುಡಿಯುತ್ತದೆ. ಒಂದು ವರ್ಷವೂ ತಪ್ಪಿಲ್ಲ, ಬೇರೆ ಯಾರ ಮನೆಗೂ ಹೋಗಿಲ್ಲ. ನನಗಿರುವುದು ಅದೊಂದೇ ದೊಡ್ಡಸ್ತಿಕೆ. ಸೈಮಿಯ ಸೌನಾದ ಹಲಗೆಯಲ್ಲಿ ಕಾಲಿನ ರೋಗ ಇದೆ ಎಂದು ಗೊತ್ತಾದರೆ ಎಲ್ಲರೂ ಗುಡ್ಡದ ಮೇಲಿನ ಪೆಟ್ಟಿಗೆಯವಳ ಮನೆಗೆ ಹೋಗುತ್ತಾರೆ.

ಪೆಟ್ಟಿಗೆಯವಳು ಎಂದರೆ ವೆರ್ನಾ, ನನ್ನ ಅಣ್ಣ ವೈನೊನ ಹೆಂಡತಿ. ಅಣ್ಣ ತೀರಿಕೊಂಡು ಎರಡು ವರ್ಷವಾಯಿತು. ಮರುತಿಂಗಳೇ ಅವಳು ಪೆಟ್ಟಿಗೆಯಲ್ಲಿ ಬರುವ ಕರೆಂಟಿನ ಸೌನಾ ತರಿಸಿ ಗ್ಯಾರೇಜಿನಲ್ಲಿ ಕೂರಿಸಿದಳು. ನಮ್ಮಲ್ಲಿಗೆ ಬರುವುದನ್ನು ಬಿಟ್ಟಳು. ಗುಂಡಿ ಒತ್ತಿದರೆ ಬಿಸಿಯಾಗುವುದಕ್ಕೆ ನಾವು ಟೋಸ್ಟರ್ ಎನ್ನುತ್ತೇವೆ ಎಂದು ಚರ್ಚಿನ ಕಾಫಿ ಹೊತ್ತಿನಲ್ಲಿ ನಾನು ಹೇಳಿದ್ದು ಅವಳಿಗೆ ಕಾಫಿ ಆರುವ ಮೊದಲೇ ಮುಟ್ಟಿತ್ತು. ಅಲ್ಲಿಂದ ಮಾತಿಲ್ಲ.

ಏಳು ವಾರ ಇದೆ. ಒಂದು ಜುಜುಬಿ ಫಂಗಸ್ಸು.

ಜನವರಿ 13, ಸೋಮವಾರ

ಸೌನಾ, ಸಾರಾಯಿ, ಟಾರು, ಈ ಮೂರಕ್ಕೂ ಬಗ್ಗದ ಕಾಯಿಲೆ ಎಂದರೆ ಸಾವೇ ಎಂದು ನಮ್ಮ ಹಿರಿಯರ ಗಾದೆ. ಕ್ರಮವಾಗಿ ಹೋಗೋಣ ಎಂದುಕೊಂಡೆ.

ಎರಡು ದಿನದಲ್ಲಿ ಐದು ಸಲ ಸೌನಾ. ಮಲಗಿಕೊಂಡು ಕಾಲನ್ನು ಸೂರಿನ ಹತ್ತಿರಕ್ಕೆ ಎತ್ತಿ ಹಿಡಿದೆ, ಬಿಸಿಯೆಲ್ಲ ಅಲ್ಲೇ ಇರುವುದು. ಫಂಗಸ್ಸಿಗೆ ಬೆವರು ಕಿತ್ತುಕೊಂಡು ಬರಬೇಕು, ಹಾಗೆ. ಆಮೇಲೆ ಮೈ ಆರುವ ಮೊದಲೇ ಉಣ್ಣೆಯ ಕಾಲುಚೀಲ, ರಬ್ಬರ್ ಬೂಟು ಏರಿಸಿ ಸೌದೆ ಹೊತ್ತೆ.

ಸಾರಾಯಿಯನ್ನೂ ಪ್ರಯತ್ನಿಸಿದೆ. ಅರ್ಧ ಕಾಲಿಗೆ, ಅರ್ಧ ನನಗೆ. ಕಾಲು ಉರಿಯಿತು, ನನಗೆ ನಿದ್ದೆ ಬಂತು. ಎದ್ದಾಗ ಬೆಳ್ಳಗಿದ್ದ ಜಾಗ ಇನ್ನಷ್ಟು ಅಗಲವಾಗಿತ್ತು.

ಜನವರಿ 16, ಗುರುವಾರ

ಎದುರುಮನೆಯ ರೇನೊ ಹತ್ತಿರ ಪೈನ್ ಮರದ ಟಾರು ಕೇಳಿದೆ. ಅವನು ಪಂಚಾಯಿತಿಯ ಲಾರಿಯಲ್ಲಿ ರಸ್ತೆಯ ಹಿಮ ಗುಡಿಸುತ್ತಾನೆ, ಅರವತ್ತೆಂಟಾದರೂ ಬಿಟ್ಟಿಲ್ಲ. ಒಂದು ಕೇಳಿದರೆ ಹತ್ತು ಹೇಳುವ ಪ್ರಾಣಿ. ಸ್ಕೀ ಹಲಗೆಗೆ ಹಚ್ಚಲು ಬೇಕು ಎಂದೆ. ನಾನು ಸ್ಕೀ ಮುಟ್ಟಿ ಎಷ್ಟು ವರ್ಷವಾಯಿತು ಎಂದು ಲೆಕ್ಕ ಹಾಕುತ್ತ ನಿಂತ. ಡಬ್ಬಿ ಕೊಡುವಾಗ, ಆಮೇಲೆ ತೆಗೆಯಬೇಕು ಅಂತಿರೋ ಯಾವುದಕ್ಕೂ ಇದನ್ನ ಹಚ್ಚಬೇಡ ಎಂದು ಎರಡು ಸಲ ಹೇಳಿದ.

ಉದ್ದ ಸೌಟಿನಿಂದ ಹಚ್ಚಿದೆ. ಕಾಲುಚೀಲ ಕಾಲಿಗೆ ಅಂಟಿತು, ಕಾಲು ನೆಲದ ಚಾಪೆಗೆ ಅಂಟಿತು, ಬೆಕ್ಕು ಮಿರ್ರಿ ಬಂದು ಚಾಪೆಗೆ ಅಂಟಿತು. ಅರ್ಧ ಪೌಂಡ್ ಬೆಣ್ಣೆ ಹಚ್ಚಿ ಮೊದಲು ಬೆಕ್ಕನ್ನು, ಆಮೇಲೆ ನನ್ನನ್ನು ಬಿಡಿಸಿಕೊಂಡೆ. ಅಡುಗೆಮನೆಯಿಂದ ಬಚ್ಚಲವರೆಗೆ ನೆಲದ ಮೇಲೆ ಕಪ್ಪು ಎಡಗಾಲಿನ ಗುರುತು ಮಾತ್ರ ಸಾಲಾಗಿ ಇದೆ. ನೋಡಿದವರು ಒಂಟಿಕಾಲಿನ ಕಳ್ಳ ಬಂದು ಹೋದ ಎಂದುಕೊಳ್ಳಬೇಕು.

ಗಾದೆಯಲ್ಲಿ ಇನ್ನು ಉಳಿದಿರುವುದು ಸಾವು.

ಜನವರಿ 19, ಭಾನುವಾರ

ಬೆಳ್ಳುಳ್ಳಿ ಜಜ್ಜಿ ಕಾಲುಚೀಲದ ತುದಿಗೆ ತುಂಬಿ, ಅದನ್ನೇ ಹಾಕಿಕೊಂಡು ಚರ್ಚಿಗೆ ಹೋದೆ. ಪಾದ್ರಿಗಳು ಎರಡನೇ ಓದಿಗೆ ಬರುವಷ್ಟರಲ್ಲಿ ನನ್ನ ಸಾಲಿನಲ್ಲಿ ನಾನೊಬ್ಬಳೇ ಇದ್ದೆ. ಕಾಲು ಸುಡತೊಡಗಿತು. ಹಾಡಿಗೆ ಎಲ್ಲರೂ ನಿಂತಾಗ ನಾನು ಸ್ವಲ್ಪ ಕುಣಿದೆನೇನೋ.

ಹೊರಗೆ ಬರುವಾಗ ಪೆಟ್ಟಿಗೆಯವಳು ಹಿಂದಿನಿಂದ ಬಂದು, ನನ್ನ ಮುಖ ನೋಡದೆ, ಬಾಗಿಲಿಗೆ ಹೇಳುವ ಹಾಗೆ ಹೇಳಿದಳು: "ಬೆಳ್ಳುಳ್ಳಿ ಚರ್ಮ ಸುಡುತ್ತೆ. ಹೋಗಿ ತೊಳ್ಕೋ."

ಎರಡು ವರ್ಷದ ನಂತರ ಆಡಿದ ಮೊದಲ ಮಾತು. ನಾನು ಸಾಸೇಜು ತಿಂದಿದ್ದೆ ಎಂದು ಹೇಳಿ ಕುಂಟದೆ ನಡೆದುಹೋದೆ. ಕಾರಿನಲ್ಲಿ ಕೂತು ಅತ್ತೆ, ಉರಿಗೆ. ಮನೆಗೆ ಬಂದು ನೋಡಿದರೆ ಬೊಬ್ಬೆ ಎದ್ದಿತ್ತು.

ಜನವರಿ 23, ಗುರುವಾರ

ವಿನೆಗರ್. ನೀರು ಬೆರೆಸಬೇಕಂತೆ. ಬೆರೆಸಿರಲಿಲ್ಲ.

ಜನವರಿ 25, ಶನಿವಾರ

ಬಂದವರ ಕಣ್ಣಿಗೆ ಬೀಳಬಾರದೆಂದು ಕಾಲುಚೀಲ ಹಾಕಿಕೊಂಡೇ ಸೌನಾದೊಳಗೆ ಹೋದೆ. ಮೈಮೇಲೆ ಬೇರೇನೂ ಇರಲಿಲ್ಲ. ಲೆಂಪಿ ಚಿಕ್ಕಮ್ಮ ಬಹಳ ಹೊತ್ತು ನೋಡಿ, ಬೂಟು ಹಾಕಿಕೊಂಡು ಮಲಗುವವರನ್ನು ಕಂಡಿದ್ದೇನೆ, ಹ್ಯಾಟು ಹಾಕಿಕೊಂಡು ಸ್ನಾನ ಮಾಡುವವರನ್ನೂ ಕಂಡಿದ್ದೇನೆ, ಇದು ಇವತ್ತೇ ಮೊದಲು ಎಂದರು. ಕಾಲು ಶೀತ ಎಂದೆ. ಒಳಗೆ ನೂರಾ ಎಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಇತ್ತು.

ಈ ಪೀಡೆಯನ್ನು ನನಗೆ ತಂದುಕೊಟ್ಟವರು ಯಾರೆಂದು ತಿಳಿಯಲು ಏಳು ಸಲ ಸೋಪು ಬೀಳಿಸಿ ಎಲ್ಲರ ಪಾದ ನೋಡಿದೆ. ಎಲ್ಲರದೂ ಮಗುವಿನ ಕಾಲಿನ ಹಾಗೆ ಶುದ್ಧವಾಗಿವೆ. ಸಿಟ್ಟು ಬಂತು.

ಜನವರಿ 29, ಬುಧವಾರ

ಇವತ್ತು ಆದದ್ದನ್ನು ಕ್ರಮವಾಗಿ ಬರೆಯಬೇಕು. ಬಸ್ಸು ಹಳ್ಳಕ್ಕೆ ಬಿದ್ದ ದಿನವೂ ಹಾಗೇ ಬರೆದಿದ್ದೆ.

ನಿನ್ನೆ ಬೆಳಿಗ್ಗೆ ರೇಡಿಯೋದಲ್ಲಿ ಒಬ್ಬಳು ಮೊಸರಿನಲ್ಲಿ ಕಾಲಿಡಿ, ಒಳ್ಳೆಯ ಕ್ರಿಮಿಗಳು ಕೆಟ್ಟ ಕ್ರಿಮಿಗಳನ್ನು ಓಡಿಸುತ್ತವೆ ಎಂದಳು. ಅಂಗಡಿಯ ಮೊಸರಿಗಿಂತ ನಮ್ಮ ವೀಲಿ ಏನು ಕಡಿಮೆ? ಚಮಚ ಎತ್ತಿದರೆ ಮೊಳದುದ್ದ ನೂಲು ಎಳೆಯುವ ಮೊಸರು ಅದು. ಮುತ್ತಜ್ಜಿ ಫಿನ್ಲೆಂಡಿನಿಂದ ಹಡಗು ಹತ್ತುವಾಗ ಕರವಸ್ತ್ರವನ್ನು ಹೆಪ್ಪಿನಲ್ಲಿ ಅದ್ದಿ, ಒಣಗಿಸಿ, ರವಿಕೆಯಲ್ಲಿ ಸಿಕ್ಕಿಸಿಕೊಂಡು ಬಂದಳು. ಇಲ್ಲಿಗೆ ಬಂದು ಅದನ್ನು ಹಾಲಿನಲ್ಲಿ ನೆನೆಸಿದಳು. ಅಂದಿನಿಂದ ಅದೇ ಹೆಪ್ಪು. ಸುತ್ತ ಮೂರು ಮೈಲಿಯಲ್ಲಿ ಯಾರ ಮನೆಯ ಹೆಪ್ಪು ಕೆಟ್ಟರೂ ಬಟ್ಟಲು ಹಿಡಿದು ಬರುವುದು ನನ್ನ ಬಾಗಿಲಿಗೆ.

ದೊಡ್ಡ ಎನಾಮೆಲ್ ಬೋಗುಣಿಯ ತುಂಬ ಹಾಕಿಟ್ಟಿದ್ದೆ, ಮನೆಯಲ್ಲಿದ್ದ ಹೆಪ್ಪನ್ನೆಲ್ಲ ಬಳಿದು. ಕಾಲಿಡುವ ಮೊದಲು ಒಂದು ಚಮಚ ಬೇರೆ ತೆಗೆದಿಡಬೇಕೆಂದಿತ್ತು. ತುರಿಕೆಯ ಭರದಲ್ಲಿ ಮರೆತು ಎರಡೂ ಕಾಲು ಇಳಿಬಿಟ್ಟೆ. ತಣ್ಣಗೆ, ಜಾರಿ ಜಾರಿ, ಹಾಯಾಗಿತ್ತು. ಒಂದು ಗಂಟೆ ಕೂತೆ. ಆಮೇಲೆ ಚೆಲ್ಲಿದರಾಯಿತು ಎಂದು, ಮಿರ್ರಿ ಬಾಯಿ ಹಾಕದಿರಲಿ ಎಂದು, ಬೋಗುಣಿಯನ್ನು ಮೇಜಿನ ಮೇಲೆ ಎತ್ತಿಟ್ಟು ಬಚ್ಚಲಿಗೆ ಹೋದೆ. ಹೋದ ವರ್ಷ ಮಂಡಿ ಚಿಪ್ಪು ಬದಲಾಯಿಸಿದ ಮೇಲೆ ನನ್ನ ಕೈ ನನ್ನ ಕಾಲ್ಬೆರಳಿಗೆ ಎಟಕುವುದಿಲ್ಲ. ಕಾಲ ಮೇಲೆ ಚೊಂಬಿನಿಂದ ನೀರು ಸುರಿದುಕೊಳ್ಳುವುದೇ ಕಾಲು ತೊಳೆಯುವುದು. ಅದಕ್ಕೇ ಕಾಲು ಗಂಟೆ ಹಿಡಿಯಿತು.

ಹೊರಗೆ ಹಿಮ ಗುಡಿಸುವ ಲಾರಿಯ ಸದ್ದು ಕೇಳಿತು. ಬಂದು ನೋಡಿದರೆ ಬೋಗುಣಿಯ ಪಕ್ಕ ಒಂದು ಚೀಟಿ.

"ಸೈಮಿ, ನನ್ನ ಹೆಪ್ಪು ಸತ್ತೋಯ್ತು. ಒಂದು ಕಪ್ ತಗೊಂಡಿದೀನಿ. ನೀನು ಚೆನ್ನಾಗಿ ಹೆಪ್ಪುಗಟ್ಟಿಸಿದ್ದನ್ನ ಕೆಡಿಸಬಾರ್ದು ಅಂತ ಅಂಚಿಂದ ತಗೊಂಡೆ. ನಿನ್ನ ಕೈಗುಣ ಯಾರಿಗೂ ಬರಲ್ಲ. ರೇನೊ."

ಬರಿಗಾಲಲ್ಲಿ ರಸ್ತೆಯವರೆಗೆ ಓಡಿದೆ. ಲಾರಿಯ ಹಳದಿ ದೀಪ ತಿರುವಿನಲ್ಲಿ ಮಿನುಗಿ ಹೋಯಿತು. ನಾಳೆ ಹೇಳುತ್ತೇನೆ.

ಫೆಬ್ರವರಿ 1, ಶನಿವಾರ

ಹೇಳಿರಲಿಲ್ಲ. ರೇನೊ ಸೌನಾಕ್ಕೆ ಬರುವಾಗ ವೀಲಿ ಹೊತ್ತು ತಂದ, ಹನ್ನೆರಡು ಬಟ್ಟಲು. ಎಲ್ಲರ ಕೂದಲಿನಿಂದ ಇನ್ನೂ ಹಬೆ ಏಳುತ್ತಿತ್ತು, ಎಲ್ಲರೂ ಚಮಚ ಹಿಡಿದರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಲೆಂಪಿ ಚಿಕ್ಕಮ್ಮ ಮೊದಲನೇ ಚಮಚ ನುಂಗಿ ಕಣ್ಣು ಮುಚ್ಚಿ, ನಿಮ್ಮಜ್ಜಿ ಹೋದ ಮೇಲೆ ಇಂಥ ವೀಲಿ ತಿಂದಿರಲಿಲ್ಲ ಎಂದರು. ಎಷ್ಟು ಗಟ್ಟಿ, ಎಷ್ಟು ನೂಲು ಎಂದು ಹಿಂದೆಯೇ ಎಲ್ಲರೂ ಶುರು ಮಾಡಿದರು. ರೇನೊ ನನ್ನ ಕಡೆ ಕೈ ತೋರಿಸಿ ಎಲ್ಲ ಇವಳದು ಎಂದ.

ಮನೆಯೊಡತಿ ತಿನ್ನದೆ ಕೂರುವಂತಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬುದು ನನಗೆ ಬಟ್ಟಲಿನಲ್ಲಿ ಬಂತು. ನಿಜ ಹೇಳಬೇಕೆಂದರೆ ರುಚಿಯಾಗಿತ್ತು.

ಹೋಗುವಾಗ ಎಲ್ಲರೂ ಒಂದೊಂದು ಚಮಚ ಹೆಪ್ಪು ತೆಗೆದುಕೊಂಡು ಹೋದರು.

ಫೆಬ್ರವರಿ 4, ಮಂಗಳವಾರ

ರೇನೊಗೆ ಹೇಳಬೇಕು.

ಫೆಬ್ರವರಿ 5, ಬುಧವಾರ

ಹೇಳಲು ಹೋದೆ. ತಿನ್ನುತ್ತಿದ್ದ. ವಾಪಸ್ಸು ಬಂದೆ.

ಫೆಬ್ರವರಿ 8, ಶನಿವಾರ

ಲೆಂಪಿ ಚಿಕ್ಕಮ್ಮ ಪಾದ್ರಿಗಳ ಹೆಂಡತಿಗೆ ಹೆಪ್ಪು ಕೊಟ್ಟಿದ್ದಾರೆ. ಲಸ್ಕಿಯಾಯಿನೆನ್ ದಿನ ಅರವತ್ತು ಜನಕ್ಕೆ ಆಗುವಷ್ಟು ವೀಲಿಯನ್ನು ಚರ್ಚಿನ ಅಡುಗೆಮನೆಯಲ್ಲೇ ಹಾಕಿ ನಮ್ಮ ಮನೆಗೆ ತರುತ್ತಾರಂತೆ. ನನಗೆ ಶ್ರಮ ತಪ್ಪಲಿ ಎಂದು.

ಕಾಲು ಒಡೆದು ಸೀಳು ಬಿಟ್ಟಿದೆ. ಹಿಮ್ಮಡಿಯಲ್ಲಿ ನಡೆಯುತ್ತಿದ್ದೇನೆ. ಈಗ ನನ್ನ ಹತ್ತಿರ ಮುತ್ತಜ್ಜಿಯ ಹೆಪ್ಪೂ ಇಲ್ಲ, ನೆಟ್ಟಗಿನ ಕಾಲೂ ಇಲ್ಲ. ಊರಿನ ಹೊಟ್ಟೆಯಲ್ಲೆಲ್ಲ ನಾನೇ ಇದ್ದೇನೆ.

ಶುದ್ಧ ಹೆಪ್ಪು ಇನ್ನೊಂದೇ ಮನೆಯಲ್ಲಿ ಇರಲು ಸಾಧ್ಯ. ಪೆಟ್ಟಿಗೆಯವಳು ರೇನೊ ಕೊಟ್ಟದ್ದನ್ನು ತೆಗೆದುಕೊಂಡಿರದಿದ್ದರೆ.

ಫೆಬ್ರವರಿ 11, ಮಂಗಳವಾರ

ಎರಡು ವರ್ಷದ ಹಿಂದೆ, ಅಣ್ಣನ ಮಣ್ಣಿನ ದಿನ, ಪೆಟ್ಟಿಗೆಯವಳ ಒಂದು ಬೇಕಿಂಗ್ ತಟ್ಟೆ ನನ್ನಲ್ಲಿ ಉಳಿದಿತ್ತು. ಅದನ್ನು ಕೊಡುವ ನೆವದಲ್ಲಿ ಹೋದೆ.

ಬಾಗಿಲಲ್ಲೇ ತಟ್ಟೆ ಕೊಟ್ಟು, ಹೆಪ್ಪಿನ ವಿಷಯ ಎತ್ತಿ, ಬಂದುಬಿಡುವ ಎಣಿಕೆ. ಅವಳು ತಟ್ಟೆಯನ್ನು ನೋಡಲೇ ಇಲ್ಲ, ನಾನು ಮೆಟ್ಟಿಲು ಹತ್ತಿದ ರೀತಿಯನ್ನೇ ನೋಡಿದಳು. ಒಳಗೆ ಬಂದ ಮೇಲೆ ಬೂಟು ಬಿಚ್ಚದೆ ಇರಲು ನಾನೇನು ಅನಾಗರಿಕಳೇ? ಬಿಚ್ಚಿದೆ. ಕಾಲುಚೀಲದಲ್ಲಿ ಟಾರು, ಬೆಣ್ಣೆ, ಅಡುಗೆ ಸೋಡಾ, ಬೆಳ್ಳುಳ್ಳಿ, ಇನ್ನೇನೇನೋ. ಅವಳ ನಾಯಿ ಎದ್ದು ಬೇರೆ ಕೋಣೆಗೆ ಹೋಯಿತು.

ಅವಳು ಮೂವತ್ತು ವರ್ಷ ವೃದ್ಧರ ಆಸ್ಪತ್ರೆಯಲ್ಲಿ ಬೇರೆಯವರ ಕಾಲು ನೋಡಿಕೊಂಡವಳು. ಬಿಸಿನೀರು ತಂದಳು, ಕುರ್ಚಿ ಎಳೆದಳು, ನನ್ನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಎರಡು ಬೆರಳನ್ನು ಬಿಡಿಸಿ ನೋಡಿದಳು.

"ತೊಳೆದ ಮೇಲೆ ಬೆರಳ ಸಂದು ಯಾರು ಒರೆಸ್ತಾರೆ?" ಎಂದಳು.

"ಯಾರ್ ಒರೆಸ್ತಾರೆ? ನನ್ನ ಕೈ ಅಲ್ಲಿಗೆ ಹೋಗಲ್ಲ."

"ಹಾಗಾದ್ರೆ ಒಂದು ವರ್ಷದಿಂದ ಒರೆಸೇ ಇಲ್ಲ."

ಒಂದು ವರ್ಷ ಒಂದು ತಿಂಗಳು ಎಂದೆ. ಅವಳು ಬಟ್ಟೆಯನ್ನು ಬಿಸಿನೀರಿಗೆ ಅದ್ದಿದಳು. ಆಮೇಲೆ ಬಯ್ಯತೊಡಗಿದಳು. ಒದ್ದೆ ಕಾಲು, ಉಣ್ಣೆ, ಅದರ ಮೇಲೆ ರಬ್ಬರ್ ಬೂಟು, ಅದರ ಮೇಲೆ ದಿನಕ್ಕೆ ಮೂರು ಸಲ ಹಬೆ, ಫಂಗಸ್ಸಿಗೆ ಇದಕ್ಕಿಂತ ಮದುವೆಮನೆ ಬೇಕೇ? ಸೌನಾ ಎಲ್ಲಾ ವಾಸಿ ಮಾಡುತ್ತದೆ ಎಂದವರು ಸೌನಾ ಆದ ಮೇಲೆ ಒರೆಸಿಕೊಳ್ಳುತ್ತಿದ್ದರು. ವಿನೆಗರ್ ತಪ್ಪಲ್ಲ, ನೀರು ಬೆರೆಸಬೇಕಿತ್ತು, ಒಡೆದ ಮೇಲೆ ಹಾಕಬಾರದಿತ್ತು. ಬೆಳ್ಳುಳ್ಳಿ ಹಾಕುವುದು ಸಾರಿಗೆ. ನಾನು ಟೋಸ್ಟರಿನವಳಿಂದ ಇದನ್ನೆಲ್ಲ ಕೇಳಿಸಿಕೊಂಡೆ, ಏಕೆಂದರೆ ಕಾಲು ಅವಳ ಕೈಯಲ್ಲಿತ್ತು.

ಮೆತ್ತನೆಯ ಬಟ್ಟೆಯಿಂದ ಒಂದೊಂದೇ ಸಂದು ಒರೆಸಿದಳು. ಕೂದಲು ಒಣಗಿಸುವ ಯಂತ್ರದಿಂದ ತಣ್ಣನೆ ಗಾಳಿ ಬಿಟ್ಟಳು. ಔಷಧಿ ಅಂಗಡಿಯ ಸಣ್ಣ ಟ್ಯೂಬಿನಿಂದ ಮುಲಾಮು ಹಚ್ಚಿದಳು. ದಿನಾ ಹಚ್ಚಬೇಕು, ನಾಲ್ಕು ವಾರ, ವಾಸಿಯಾದಂತೆ ಕಂಡರೂ ಬಿಡಬಾರದು. ನಿನ್ನ ಕೈಯಲ್ಲಿ ಆಗುವುದಿಲ್ಲ, ನಾಳೆ ನಾಲ್ಕಕ್ಕೆ ಬಾ ಎಂದಳು.

ಹೆಪ್ಪಿನ ವಿಷಯ ಎತ್ತಲು ಮರೆತೆ. ತಟ್ಟೆಯನ್ನೂ ವಾಪಸ್ಸು ತಂದಿದ್ದೇನೆ.

ಫೆಬ್ರವರಿ 14, ಶುಕ್ರವಾರ

ವೆರ್ನಾ ಮನೆಗೆ. ತುರಿಕೆ ಕಮ್ಮಿ. ಬೂಟನ್ನು ಒಲೆಯ ಹತ್ತಿರ ಒಣಗಿಸು, ಎರಡು ಜೊತೆ ಇಟ್ಟುಕೋ, ಒಂದು ದಿನ ಬಿಟ್ಟು ಒಂದು ಹಾಕು ಎಂದಳು. ಅವಳಿಗೆ ಎಲ್ಲದಕ್ಕೂ ಒಂದು ನಿಯಮ. ಕಾಫಿ ಮಾತ್ರ ನೀರು.

ಫೆಬ್ರವರಿ 19, ಬುಧವಾರ

ಇವತ್ತು ಕಾಲು ಒಣಗುತ್ತಿರುವಾಗ ಕೇಳಿಯೇಬಿಟ್ಟೆ, ನಮ್ಮ ಸೌನಾ ಏನು ಮಾಡಿತ್ತು ನಿನಗೆ ಎಂದು. ಸೌದೆಯ ಹೊಗೆಗೆ ಕೆಮ್ಮು ಬರುತ್ತದೆ ಎಂಬ ಹಳೆಯ ಕತೆ ಹೇಳುತ್ತಾಳೆ ಎಂದುಕೊಂಡಿದ್ದೆ.

"ಗಂಡಸರದೂ ಹೆಂಗಸರದೂ ಆದ ಮೇಲೆ ಕೊನೇ ಸರದಿ ನಮ್ಮಿಬ್ಬರದು ಕಣೆ," ಎಂದಳು. "ಮೂವತ್ತೆಂಟು ವರ್ಷ. ಬಿಸಿ ಇಳಿದಿರೋದು, ಯಾರೂ ಇರ್ತಿರ್ಲಿಲ್ಲ. ನನ್ನ ಬೆನ್ನು ಅವರೇ ಒರೆಸ್ತಿದ್ರು. ಅವರಿಲ್ದೆ ಆ ಸರದಿಗೆ ಹೋಗೋಕಾಗಲ್ಲ. ಬೇರೆ ಸರದಿ ನಂದಲ್ಲ."

ನನಗೆ ನಾಚಿಕೆಯಾಯಿತು. ಎರಡು ವರ್ಷ ಇದನ್ನು ಅವಮಾನವೆಂದು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೆ, ಅವನು ನನಗೂ ಅಣ್ಣನಲ್ಲವೇ ಎಂದು. ಟೋಸ್ಟರ್ ಎಂದದ್ದು ತಪ್ಪಾಯಿತು ಎಂದೆ. ಅವಳು ಗಾಳಿಯಂತ್ರ ಆರಿಸಿ, ತಪ್ಪೇನಿಲ್ಲ, ಅದು ಟೋಸ್ಟರೇ, ಒಳಗೆ ಕೂತರೆ ನನಗೂ ಬ್ರೆಡ್ಡಿನ ಹಾಗೇ ಅನಿಸುತ್ತದೆ ಎಂದಳು.

ಫೆಬ್ರವರಿ 24, ಸೋಮವಾರ

ಅತ್ತಿಗೆಗೆ ಎಲ್ಲ ಹೇಳಿದೆ. ಬೋಗುಣಿ, ರೇನೊ, ಚೀಟಿ, ಹನ್ನೆರಡು ಬಟ್ಟಲು, ಪಾದ್ರಿಗಳ ಹೆಂಡತಿ. ಹೇಳುವಾಗ ನನ್ನ ಕಾಲು ಅವಳ ತೊಡೆಯ ಮೇಲಿತ್ತು. ಅವಳು ನಗತೊಡಗಿದಳು, ಕುರ್ಚಿಯಿಂದ ಜಾರಿದಳು, ನೆಲದ ಮೇಲೆ ಕೂತು ನನ್ನ ಕಾಲನ್ನೇ ಹಿಡಿದುಕೊಂಡು ನಕ್ಕಳು. ಅವಳು ಹೀಗೆ ನಕ್ಕಿದ್ದನ್ನು ಅಣ್ಣ ಹೋದ ಮೇಲೆ ನೋಡಿರಲಿಲ್ಲ. ನನ್ನ ಮಾನ ಹೋಗುತ್ತಿದೆ, ನೀನು ನಗುತ್ತೀಯಾ ಎಂದೆ. ಇನ್ನೂ ಜೋರಾಗಿ ನಕ್ಕಳು.

ಹೆಪ್ಪು ಇದೆ. ಅಮ್ಮ ಅಣ್ಣನ ಮದುವೆಯಲ್ಲಿ ಇವಳಿಗೆ ಕೊಟ್ಟದ್ದು. ರೇನೊ ಹೊಸದು ತಂದುಕೊಟ್ಟಾಗ, ನನಗೆ ಅತ್ತೆ ಕೊಟ್ಟದ್ದು ಸಾಕು ಎಂದು ವಾಪಸ್ಸು ಕಳಿಸಿದ್ದಳಂತೆ. ಇದರಿಂದ ಅರವತ್ತು ಜನಕ್ಕೂ ಹಾಕೋಣ ಎಂದಳು. ಚರ್ಚಿನವರು ತರುವುದನ್ನು ಸದ್ದಿಲ್ಲದೆ ಬದಲಾಯಿಸಿಬಿಡೋಣ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಎಂದೆ ನಾನು.

"ಅವರ ಮನೆಮನೇಲೂ ನಿನ್ನ ಕಾಲಿದೆ ಸೈಮಿ," ಎಂದಳು ಅತ್ತಿಗೆ. "ಹೇಳ್ಬೇಕು. ನಾನು ಪಕ್ಕದಲ್ಲಿ ನಿಂತಿರ್ತೀನಿ."

ಮಾರ್ಚ್ 1, ಶನಿವಾರ

ಲಸ್ಕಿಯಾಯಿನೆನ್. ಇಪ್ಪತ್ತು ಡಿಗ್ರಿ ಫ್ಯಾರನ್‌ಹೀಟ್, ಬಿಸಿಲು, ಜಾರಲು ಹೇಳಿಮಾಡಿಸಿದ ಹಿಮ.

ಸೌನಾ ಬಾಗಿಲಲ್ಲಿ ಅತ್ತಿಗೆ ನಿಂತು ಎಲ್ಲರ ಕೈಗೂ ರಬ್ಬರ್ ಚಪ್ಪಲಿ ಕೊಟ್ಟಳು, ಹಲಗೆಯನ್ನು ಬೆಳಿಗ್ಗೆಯೇ ಇಬ್ಬರೂ ಕುದಿನೀರು, ಸೋಪು ಹಾಕಿ ಉಜ್ಜಿದ್ದೆವು. ಏಕೆ ಎಂದು ಕೇಳುತ್ತಿದ್ದರು, ಆಮೇಲೆ ಗೊತ್ತಾಗುತ್ತದೆ ಎನ್ನುತ್ತಿದ್ದಳು. ಸಾರಿಗೆ ಎಲ್ಲರೂ ಅಡುಗೆಮನೆಯಲ್ಲಿ ಸೇರಿದರು. ಮೇಜಿನ ಒಂದು ತುದಿಯಲ್ಲಿ ಚರ್ಚಿನ ವೀಲಿ, ಇನ್ನೊಂದು ತುದಿಯಲ್ಲಿ ಅತ್ತಿಗೆಯದು. ಜನ ಚಮಚ ಎತ್ತುವ ಮೊದಲು ನಾನು ಸೌಟಿನಿಂದ ಪಾತ್ರೆ ಬಡಿದೆ. ಎಪ್ಪತ್ತೆರಡು ಮಕ್ಕಳ ಬಸ್ಸನ್ನು ಸುಮ್ಮನಾಗಿಸಿದವಳು ನಾನು, ಇವರೇನು ಲೆಕ್ಕ?

"ರೇನೊ ಜನವರಿಯಲ್ಲಿ ನನ್ನ ಮನೆಯಿಂದ ಹೆಪ್ಪು ತಗೊಂಡು ಹೋದ. ಅದು ನಿಮ್ಮೆಲ್ಲರ ಮನೇಲೂ ಇದೆ. ಅವನು ತಗೊಳೋಕೆ ಮುಂಚೆ ಅದರಲ್ಲಿ ನನ್ನ ಕಾಲಿತ್ತು. ಎರಡೂ ಕಾಲು. ಒಂದು ಗಂಟೆ. ಕಾಲಿಗೆ ಫಂಗಸ್ ಆಗಿತ್ತು. ಹೇಳೋಕೆ ಧೈರ್ಯ ಬರ್ಲಿಲ್ಲ. ತಪ್ಪಾಯ್ತು."

ಅಂಚಿಂದ ತಗೊಂಡಿದ್ದೆ ಎಂದು ರೇನೊ ಯಾರಿಗೂ ಅಲ್ಲದ ಹಾಗೆ ಹೇಳಿದ. ಪಾದ್ರಿಗಳ ಹೆಂಡತಿ ಚಮಚ ಕೆಳಗಿಟ್ಟು ಸಿಂಕಿನ ಕಡೆ ನಡೆದರು. ಇಬ್ಬರು ಹೊರಗೆ ಹೋಗಿ ಬಾಯಿಗೆ ಹಿಮ ತುಂಬಿಕೊಂಡರು. ಅತ್ತಿಗೆ ನನ್ನ ತೋಳು ಹಿಡಿದಳು.

ಲೆಂಪಿ ಚಿಕ್ಕಮ್ಮನಿಗೆ ಕೇಳಿಸಿರಲಿಲ್ಲ. ಏನಂತೆ, ಏನಂತೆ ಎಂದು ಎಲ್ಲರನ್ನೂ ಕೇಳಿದರು. ಹತ್ತಿರ ಹೋಗಿ ಕಿವಿಯಲ್ಲಿ ಕೂಗಬೇಕಾಯಿತು: ನೀವು ಒಂದು ತಿಂಗಳಿಂದ ತಿಂತಿರೋ ವೀಲಿಯಲ್ಲಿ ನನ್ನ ಕಾಲಿತ್ತು.

ಅವರು ನನ್ನ ಕಾಲು ನೋಡಿದರು, ಬಟ್ಟಲು ನೋಡಿದರು.

"ಹೌದಾ," ಎಂದರು. "ನಾನು ಕೈಗುಣ ಅಂದ್ಕೊಂಡಿದ್ದೆ. ಕಾಲ್ಗುಣ."

ತಿನ್ನುವುದನ್ನು ಮುಂದುವರಿಸಿದರು. ಮೊದಲು ನಕ್ಕಿದ್ದು ಪಾದ್ರಿಗಳು. ಆಮೇಲೆ ಯಾರು ಯಾರು ಎಂದು ಹೇಳಲಾರೆ. ಅರ್ಧಕ್ಕರ್ಧ ಜನ ಸಾರು ಕುಡಿಯದೆ ಕೋಟು ಹಾಕಿಕೊಂಡರು, ಅದೂ ನಿಜ. ಉಳಿದವರು ಅತ್ತಿಗೆಯ ಹೆಪ್ಪನ್ನು ಕಪ್ಪುಗಳಲ್ಲಿ ತೆಗೆದುಕೊಂಡು ಹೋದರು, ಒಬ್ಬೊಬ್ಬರೂ ಮೊದಲು ಮೂಸಿ ನೋಡಿ.

ಮಾರ್ಚ್ 8, ಶನಿವಾರ

ಸೌನಾಕ್ಕೆ ಬಂದದ್ದು ಲೆಂಪಿ ಚಿಕ್ಕಮ್ಮ, ರೇನೊ, ಅತ್ತಿಗೆ, ಅಷ್ಟೇ. ರೇನೊ ಇನ್ನೂ ಮುನಿಸಿಕೊಂಡಿದ್ದಾನೆ, ಆದರೂ ಬಂದ. ಚೀಟಿ ನೆನಪಿಸಿಕೊಂಡಾಗಲೆಲ್ಲ ಅವನ ಕಿವಿ ಕೆಂಪಾಗುತ್ತದೆ.

ಮುಂದಿನ ವರ್ಷದ ಲಸ್ಕಿಯಾಯಿನೆನ್ ಚರ್ಚಿನ ಹಾಲಿನಲ್ಲಂತೆ. ಪಾದ್ರಿಗಳ ಹೆಂಡತಿ ಫೋನು ಮಾಡಿ, ಬೇಜಾರು ಮಾಡ್ಕೋಬೇಡಿ ಎಂದು ನಾಲ್ಕು ಸಲ ಹೇಳಿದರು. ಆಗಲಿ ಎಂದು ಇಟ್ಟುಬಿಟ್ಟೆ, ಅತ್ತಿಗೆ ಬರುವ ಹೊತ್ತಾಗಿತ್ತು, ಒಲೆಗೆ ಸೌದೆ ಹಾಕಬೇಕಿತ್ತು.

ಎಲ್ಲರದೂ ಆದ ಮೇಲೆ ಕೊನೆಯ ಸರದಿಗೆ ನಾವಿಬ್ಬರೂ ಹೋದೆವು. ಬಿಸಿ ಇಳಿದಿತ್ತು. ಹೊರಗೆ ಬಂದ ಮೇಲೆ ಅವಳ ಬೆನ್ನು ಒರೆಸಿದೆ, ಅವಳು ನನ್ನ ಕಾಲು ಒರೆಸಿದಳು.

ಮಾರ್ಚ್ 11, ಮಂಗಳವಾರ

ಬೇರೆ ಕೆಲಸಕ್ಕೆ ಪೇಟೆಗೆ ಹೋದವಳು ಕ್ಲಿನಿಕ್ಕಿನಲ್ಲೂ ಕಾಲು ತೋರಿಸಿದೆ. ಅಲ್ಲಿನ ಹುಡುಗಿ ದೀಪ ಹಿಡಿದು ಹತ್ತೂ ಬೆರಳು ನೋಡಿ, ಪೂರ್ತಿ ವಾಸಿಯಾಗಿದೆ, ಏನೂ ಉಳಿದಿಲ್ಲ, ಇನ್ನು ಮುಲಾಮು ಬೇಡ, ಒರೆಸಲು ಉದ್ದ ಹಿಡಿಯ ಬ್ರಶ್ಶಿಗೆ ಬಟ್ಟೆ ಸುತ್ತಿಕೊಂಡರೆ ನೀವೇ ಮಾಡಿಕೊಳ್ಳಬಹುದು ಎಂದಳು. ಒಳ್ಳೆಯ ಉಪಾಯ. ಬ್ರಶ್ಶು ಅಂಗಡಿಯಲ್ಲಿ ಇತ್ತು. ತರಲಿಲ್ಲ, ಕೈಯಲ್ಲಿ ಸಾಮಾನು ಜಾಸ್ತಿಯಿತ್ತು.

ಮಾರ್ಚ್ 12, ಬುಧವಾರ

ನಾಲ್ಕಕ್ಕೆ ಅತ್ತಿಗೆಯ ಮನೆಗೆ ಹೋದೆ. ಇವತ್ತಿಗೆ ನಾಲ್ಕು ವಾರ ಮುಗಿಯಿತು ಎಂದಳು, ಹೇಗಿದೆ ಎಂದು ಕೇಳಿದಳು. ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಇನ್ನೂ ಸ್ವಲ್ಪ ತುರಿಕೆ ಇದೆ ಎಂದೆ. ಏಕೆ ಹಾಗಂದೆನೋ.

ಅವಳು ಕನ್ನಡಕ ಹಾಕಿಕೊಂಡಳು. ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಕಿಟಕಿಯ ಬೆಳಕಿಗೆ ತಿರುಗಿಸಿ, ಬೆರಳು ಬಿಡಿಸಿ, ತುಂಬ ಹೊತ್ತು ನೋಡಿದಳು.

"ಹೌದು ಕಣೆ," ಎಂದಳು. "ಇನ್ನೂ ಇದೆ. ಬಿಡಬಾರದು. ನಾಳೆ ಬಾ."

ಮೂವತ್ತು ವರ್ಷ ಜನರ ಕಾಲು ನೋಡಿದವಳಿಗೆ ಇಷ್ಟೂ ತಿಳಿಯಲಿಲ್ಲ. ಕಣ್ಣು ಮಂಜಾಗುತ್ತಿದೆ, ಪಾಪ. ನಾಳೆ ಹೋದಾಗ ಅವಳ ಕಣ್ಣಿನ ಡಾಕ್ಟರಿಗೆ ತೋರಿಸುವ ವಿಷಯ ಎತ್ತಬೇಕು, ಅವಸರವೇನಿಲ್ಲ.